ಹೂಂಗುಟ್ಟುವ ಮೂಲೆ

ನನಗೀಗ ಒಂದು ಅಭ್ಯಾಸ ಅಂಟಿಕೊಂಡಿದೆ. ಯಾರ ಮನೆಗೆ ಹೋದರೂ ಕೂರುವ ಮುಂಚೆ ಹಿಮ್ಮಡಿಯಿಂದ ನೆಲವನ್ನು ಮೆಲ್ಲಗೆ ಕುಟ್ಟಿ ನೋಡುತ್ತೇನೆ. ಟಕ್ ಎಂದರೆ ಕೂರುತ್ತೇನೆ. ಡಬ್ ಎಂದರೆ, "ಇರಲಿ ಬಿಡಿ, ಬಸ್ಸಿನಲ್ಲಿ ಕೂತು ಕೂತು ಸಾಕಾಗಿದೆ" ಎಂದು ಹೇಳಿ ಬಾಗಿಲ ಹತ್ತಿರವೇ ನಿಂತುಬಿಡುತ್ತೇನೆ. ಮೊನ್ನೆ ಪಾಂಡವಪುರದಲ್ಲಿ ನಮ್ಮ ಶಾಲೆಯ ಮೇಷ್ಟ್ರೊಬ್ಬರ ಗೃಹಪ್ರವೇಶ. ಹೊಸ ನೆಲದ ಮೇಲೆ ಕಾಲಿಟ್ಟವಳೇ ಅಭ್ಯಾಸಬಲದಿಂದ ಕುಟ್ಟಿದೆ. "ಒರಿಜಿನಲ್ ಗ್ರಾನೈಟೇ ಮೇಡಂ" ಎಂದರು ಅವರು, ಮುಖ ಸಣ್ಣದು ಮಾಡಿಕೊಂಡು. ಅವರಿಗೆ ಏನೆಂದು ಹೇಳಲಿ? ಗ್ರಾನೈಟಿನ ಮೇಲೆ ನನಗೆ ಅನುಮಾನವಿಲ್ಲ ಸಾರ್, ಅದರ ಕೆಳಗೆ ಏನಿದೆ ಅನ್ನುವುದರ ಮೇಲೆ ಎಂದು ಹೇಳಿದ್ದರೆ ಅವತ್ತಿನ ಹೋಳಿಗೆ ಊಟ ಅವರಿಗೆ ರುಚಿಸುತ್ತಿರಲಿಲ್ಲ.

ನಮ್ಮ ಮನೆಯ ಹಾಲಿನ ಈಶಾನ್ಯ ಮೂಲೆ, ನನ್ನ ಅತ್ತೆ ದಿನವೂ ಚಾಪೆ ಹಾಸಿ ಕೂರುತ್ತಿದ್ದ ಜಾಗ, ಒಂದು ಮಧ್ಯಾಹ್ನ ನನ್ನ ಕಣ್ಣೆದುರಿಗೇ ನೆಲದೊಳಕ್ಕೆ ಇಳಿದುಹೋಯಿತು. ಅತ್ತೆ ಬದುಕಿದ್ದಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಉಸಿರು ಬಿಗಿಹಿಡಿದು ಓದುವುದು ಬೇಡ. ಉಸಿರು ಹಿಡಿಯುವುದು ಎಂಥದು ಎಂದು ನನಗೆ ಅವತ್ತಿನಿಂದ ಚೆನ್ನಾಗಿ ಗೊತ್ತು. ಆ ನೆಲ ಅವತ್ತು ಕೇಳಿದ್ದು ಒಬ್ಬರನ್ನಲ್ಲ, ಇಬ್ಬರನ್ನು.

ಎಲ್ಲ ಶುರುವಾದದ್ದು ಒಂದು ಪೆಟ್ಟಿಗೆಯಿಂದ.

ನನ್ನ ಗಂಡ ಲೋಕೇಶ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ನಮ್ಮೂರು ನಾಗಮಂಗಲದಿಂದ ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕೆ ಸರಿದುಕೊಂಡಿದೆ. ಮನೆಯ ಮಹಡಿ ಹತ್ತಿದರೆ ಮೇಲುಕೋಟೆಯ ಬೆಟ್ಟ ಕಾಣುತ್ತದೆ. ಬೆಳಗ್ಗೆ ಸಂಜೆ ಹಾಲು ಅಳೆಯುವ ಈ ಮನುಷ್ಯನಿಗೆ ನಡುವಿನ ಹೊತ್ತಿಗೆ ಒಂದೇ ಹುಚ್ಚು, ಹಾಡು ಕೇಳುವುದು. ಮೈಸೂರಿನಿಂದ ಆಳೆತ್ತರದ ಎರಡು ಹಳೆಯ ಸ್ಪೀಕರುಗಳನ್ನು ತಂದು, ಒರೆಸಿ, ಹಾಲಿನ ಗೋಡೆಗೆ ದ್ವಾರಪಾಲಕರಂತೆ ನಿಲ್ಲಿಸಿದ್ದರು. ಒಂದಷ್ಟು ಕಾಲ ಅವುಗಳ ಮುಂದೆ ಕಣ್ಣು ಮುಚ್ಚಿ ಕೂತು ಸುಖಪಟ್ಟರು. ಆಮೇಲೆ ಕಣ್ಣು ತೆರೆದು, "ತಳ ಇಲ್ಲ ಸುಧಾ" ಎಂದರು. ನಾನು ಪಾತ್ರೆಯ ವಿಚಾರ ಎಂದುಕೊಂಡೆ. ಹಾಡಿಗೆ ತಳವಿಲ್ಲವಂತೆ. ಅದಕ್ಕೊಂದು ಸಬ್ ವೂಫರ್ ಬೇಕಂತೆ.

ಸಬ್ ವೂಫರ್ ಎಂದರೆ ಅತಿ ತಗ್ಗಿನ ಸದ್ದನ್ನಷ್ಟೇ ಹೊರಡಿಸುವ ಪೆಟ್ಟಿಗೆ. ಹಾಡುವವರ ದನಿ, ಕೊಳಲು, ಪಿಟೀಲುಗಳನ್ನು ಆ ಎರಡು ಸ್ಪೀಕರುಗಳು ನೋಡಿಕೊಳ್ಳುತ್ತವೆ. ಅವುಗಳಿಗೆ ಎಟುಕದ ತಳದ ಸದ್ದು, ನಾವು ಬೇಸು ಅನ್ನುವುದು, ಇದರ ಪಾಲು. ಪೆಟ್ಟಿಗೆ ಮಾಡಿಕೊಟ್ಟವನು ಲೋಕೇಶನ ಶಾಲೆಯ ಗೆಳೆಯ ಸೋಮಾಚಾರಿ. ಅವನ ತಾತ ಗಾಡಿಚಕ್ರ ಮಾಡುತ್ತಿದ್ದವರು. ಇವನು ನಾಗಮಂಗಲದಲ್ಲಿ ಅಡುಗೆಮನೆಯ ಕಪಾಟು ಮಾಡುತ್ತಾನೆ. ದಪ್ಪ ಪ್ಲೈವುಡ್ಡಿನ ಪೆಟ್ಟಿಗೆಗೆ ಒಳಗೆಲ್ಲ ಅಡ್ಡಪಟ್ಟಿ ಬಡಿದು, ಹೊರಗಿನಿಂದ ಬೆರಳ ಗೆಣ್ಣಿನಲ್ಲಿ ಸುತ್ತಲೂ ಕುಟ್ಟಿ ಕುಟ್ಟಿ ನೋಡುತ್ತಿದ್ದ.

"ಎಲ್ಲೂ ಪೊಳ್ಳಿರಬಾರ್ದು ಕಣ್ಲಾ ಲೋಕಿ. ಪೊಳ್ಳಿದ್ರೆ ಅದು ತನ್ದೇ ಒಂದು ಆಡು ಸುರು ಅಚ್ಕತದೆ."

"ನಿನ್ ತಲೆನೂ ಒಂದಪ ಕುಟ್ಟಿ ನೋಡ್ಕ."

"ನಂದು ಗಟ್ಟಿ ಐತೆ. ಇಲ್ದಿದ್ರೆ ನಿನ್ನಂತೋನ್ ಜತೆ ಇಸ್ಟು ವರ್ಸ ಏಗಕ್ಕಾಯ್ತಿತ್ತಾ?"

ಪೆಟ್ಟಿಗೆಯನ್ನು ಅಷ್ಟು ಕುಟ್ಟಿ ನೋಡಿದ ನಾವು ಯಾರೂ ಅದನ್ನು ಇಡುವ ನೆಲವನ್ನು ಕುಟ್ಟಲಿಲ್ಲ.

ಸಬ್ ವೂಫರಿಗೆ ಜಾಗ ಹುಡುಕುವ ವಿಧಾನ ನೋಡಿದರೆ ನೀವೂ ನಗುತ್ತೀರಿ. ಪೆಟ್ಟಿಗೆಯನ್ನು, ಹಾಡು ಕೇಳುವವನು ಕೂರುವ ಜಾಗದಲ್ಲಿ, ಅಂದರೆ ಸೋಫಾದ ಮೇಲೆ, ನೆಂಟರನ್ನು ಕೂರಿಸಿದ ಹಾಗೆ ಕೂರಿಸಬೇಕು. ಮೊಬೈಲಿನಿಂದ "ಊಂ" ಎನ್ನುವ ಒಂದೇ ತಗ್ಗು ಸದ್ದನ್ನು ಅದಕ್ಕೆ ಕೊಡುತ್ತಲೇ ಇರಬೇಕು. ಆಮೇಲೆ ಮನೆಯ ಯಜಮಾನ ಮಂಡಿಯೂರಿ, ಅಂಗೈಯೂರಿ, ಗೋಡೆಯ ಗುಂಟ ಕೋಣೆಯೆಲ್ಲ ತೆವಳಬೇಕು. ಎಲ್ಲಿ ಆ ಸದ್ದು ತುಂಬಿಕೊಂಡು ಕೇಳಿಸುತ್ತದೋ ಅದೇ ಪೆಟ್ಟಿಗೆಯ ಜಾಗ. ಡೈರಿಯ ಕಾರ್ಯದರ್ಶಿಗಳು ಲುಂಗಿ ಎತ್ತಿ ಕಟ್ಟಿ ಹಸುಗೂಸಿನಂತೆ ತೆವಳುತ್ತಿದ್ದಾಗ ಅತ್ತೆ ಹಿತ್ತಲಿನಿಂದ ಒಳಗೆ ಬಂದರು. ಅತ್ತೆಯ ಹೆಸರು ನಿಂಗಮ್ಮ. ಸೋಫಾದ ಮೇಲೆ ಕೂತಿದ್ದ ಪೆಟ್ಟಿಗೆಯನ್ನು ನೋಡಿದರು, ನೆಲದ ಮೇಲಿದ್ದ ಮಗನನ್ನು ನೋಡಿದರು.

"ಏನ್ ಮಗ ಕಳ್ಕೊಂಡಿದ್ದೀಯ?"

"ಬೇಸ್ ಉಡುಕ್ತಾ ಇವ್ನಿ ಸುಮ್ಕಿರವ್ವ."

"ಮುಂಡೇದು, ಅಂಬೆಗಾಲಿಕ್ಕೋ ವಯಸ್ನಾಗೆ ಸೀದಾ ಎದ್ದು ಓಡ್ತು. ಈಗ ಅಂಬೆಗಾಲಿಕ್ತಾ ಐತೆ" ಎಂದು ನನ್ನ ಕಡೆ ತಿರುಗಿ ನಕ್ಕರು.

ಈಶಾನ್ಯ ಮೂಲೆಗೆ ಬಂದಾಗ ಲೋಕೇಶ ತೆವಳುವುದನ್ನು ನಿಲ್ಲಿಸಿದರು. ಕೆನ್ನೆಯನ್ನು ನೆಲಕ್ಕೆ ಆನಿಸಿದರು. "ಇಲ್ಲಿ! ಸೋಮ, ಇಲ್ಲಿ ಬಂದು ಕೇಳ್ಲಾ!" ಅವನೂ ಬಗ್ಗಿದ. ನನ್ನನ್ನೂ ಕರೆದರು. ನಾನು ಬಗ್ಗಲಿಲ್ಲ, ನಿಂತೇ ಇದ್ದೆ. ಆದರೆ ಅಂಗಾಲಿನಿಂದ ಮೊಣಕಾಲಿಗೆ, ಅಲ್ಲಿಂದ ಹೊಟ್ಟೆಗೆ ಏನೋ ಏರಿ ಬಂತು. ಸೋಫಾದ ಹತ್ತಿರ ಬಡಕಲಾಗಿದ್ದ ಸದ್ದು ಇಲ್ಲಿ ಮೈತುಂಬಿಕೊಂಡು ಕೂತಿತ್ತು.

ಆ ಅನುಭವ ನನಗೆ ಹೊಸದಲ್ಲ. ನಾನು ಬೆಳಗೊಳದವಳು. ಮಳೆಗಾಲದಲ್ಲಿ ಅಣೆಕಟ್ಟೆಯ ಬಾಗಿಲುಗಳನ್ನು ಎತ್ತಿದರೆ ಅದು ನಮ್ಮ ಕಿವಿಗಿಂತ ಮೊದಲು ಹೊಟ್ಟೆಗೆ ಗೊತ್ತಾಗುತ್ತಿತ್ತು. ಗೂಡಿನಲ್ಲಿದ್ದ ಸ್ಟೀಲು ತಟ್ಟೆಗಳು ಜಿರ್ರೆಂದು ಜಗಳವಾಡುತ್ತಿದ್ದವು. ಅವ್ವ ಹಳೆ ಸೀರೆಯ ತುಂಡುಗಳನ್ನು ಅವುಗಳ ನಡುವೆ ಸಿಕ್ಕಿಸಿ ರಾಜಿ ಮಾಡಿಸುತ್ತಿದ್ದಳು. ಅದಕ್ಕೂ ಮುಂಚಿನ ನೆನಪೊಂದಿದೆ. ಅಜ್ಜಿ ರಾಗಿ ಬೀಸುವಾಗ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಬೀಸುವ ಕಲ್ಲಿನ ಗುಡುಗು ನೆಲದಿಂದ ಅಜ್ಜಿಯ ಮೂಳೆಗೆ, ಅವಳ ಮೂಳೆಯಿಂದ ನನ್ನ ತಲೆಗೆ ಹರಿದು ಬರುತ್ತಿತ್ತು. ಅಷ್ಟು ನೆಮ್ಮದಿಯ ನಿದ್ದೆ ಮತ್ತೆ ಬಂದಿಲ್ಲ. ಆದ್ದರಿಂದಲೋ ಏನೋ ತಗ್ಗಿನ ಸದ್ದೆಂದರೆ ನನಗೆ ಹೆದರಿಕೆಯಿರಲಿಲ್ಲ. ನೆಲ ನಡುಗಿದರೆ ಕೆಳಗೆ ಯಾರೋ ನಮಗಾಗಿ ಬೀಸುತ್ತಿದ್ದಾರೆ ಎಂದೇ ನನ್ನ ಒಳಮನಸ್ಸು ನಂಬಿಕೊಂಡಿತ್ತು.

"ದೇವಮೂಲೆ ಕಣ್ರೋ ಅದು. ಅಲ್ಲಿ ಭಾರ ಮಡಗಬ್ಯಾಡಿ" ಎಂದರು ಅತ್ತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪೆಟ್ಟಿಗೆ ಸೋಫಾದಿಂದ ಇಳಿದು ಆ ಮೂಲೆಗೆ ಹೋಯಿತು.

ಆಮೇಲೆ ಹದಮಾಡುವ ಕೆಲಸ. ಸ್ಪೀಕರುಗಳು ಎಲ್ಲಿ ಕೈಬಿಡುತ್ತವೋ ಅಲ್ಲಿಂದ ಪೆಟ್ಟಿಗೆ ಹಿಡಿದುಕೊಳ್ಳಬೇಕು. ಅದಕ್ಕೊಂದು ತಿರುಪು. ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಪೆಟ್ಟಿಗೆಯೂ ತಳ್ಳಬೇಕು. ಒಂದು ತಳ್ಳಿ ಇನ್ನೊಂದು ಎಳೆದರೆ ಎರಡೂ ಸೇರಿ ಸದ್ದನ್ನೇ ನುಂಗಿಬಿಡುತ್ತವೆ. ಅದಕ್ಕೆ ಹಿಂದುಗಡೆ ಫೇಸ್ ಎಂಬ ಸ್ವಿಚ್ಚು. ಸಂಸಾರಕ್ಕೂ ಇಂಥದೊಂದು ಸ್ವಿಚ್ಚಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನಂದೆ. ಕೊನೆಯದು ಜೋರು ಎಷ್ಟಿರಬೇಕೆಂಬುದು. ಇದರಲ್ಲಿ ಲೋಕೇಶನ ಒಂದು ಸೂತ್ರವಿದೆ, ನನಗೆ ಬಹಳ ಹಿಡಿಸಿದ್ದು: "ಸಬ್ ವೂಫರ್ ಓಡ್ತಾ ಇದೆ ಅಂತ ಗೊತ್ತಾಗಬಾರದು. ಆಫ್ ಮಾಡಿದಾಗ ಮಾತ್ರ, ಅಯ್ಯೋ, ಇಷ್ಟು ಹೊತ್ತೂ ಇತ್ತಲ್ಲ ಅನ್ನಿಸಬೇಕು."

ಅವತ್ತು ಆ ಸೂತ್ರವನ್ನು ಪರೀಕ್ಷಿಸಲೆಂದು ಆಫ್ ಮಾಡಿದರು. ಸದ್ದು ನಿಂತಿತು. ನಿಂತ ಮೇಲೆ, ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಬಿಟ್ಟು, ಮೂಲೆಯಿಂದ "ಹ್ಞೂಂ" ಎಂದು ಕೇಳಿಸಿತು.

ಪೆಟ್ಟಿಗೆಯಿಂದಲ್ಲ. ಅದರ ಕೆಳಗಿನಿಂದ.

"ಗ್ವಾಡೆ ಸೌಂಡು" ಎಂದ ಸೋಮಾಚಾರಿ. ಲೋಕೇಶನೂ ಹೌದು ಎಂದರು. ನಾನು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಶ್ರುತಿಕವೆಯನ್ನು ಮೇಜಿಗೆ ಬಡಿದು ಖಾಲಿ ಪೆಟ್ಟಿಗೆಯ ಮೇಲೆ ನಿಲ್ಲಿಸಿ, "ನೋಡಿ ಮಕ್ಕಳೇ, ಒಳಗಿನ ಗಾಳಿಯೂ ಜೊತೆಗೆ ನಡುಗಿ ಸದ್ದು ಹೇಗೆ ಹೆಚ್ಚಿತು" ಎಂದು ವರ್ಷ ವರ್ಷವೂ ತೋರಿಸುವವಳು. ಅದೇ ಕೈಯಲ್ಲಿ ಕಾಫಿ ಲೋಟ ಹಿಡಿದು ನಾನೂ "ಗೋಡೆಯದೇ ಇರಬೇಕು" ಎಂದೆ. ಅತ್ತೆ ಮಾತ್ರ ಮೂಲೆಯನ್ನೇ ನೋಡುತ್ತಿದ್ದರು. ಆಮೇಲೆ ಅಡುಗೆಮನೆಯಲ್ಲಿ ನಾನೊಬ್ಬಳೇ ಸಿಕ್ಕಾಗ ಹತ್ತಿರ ಬಂದು, "ನಿಮ್ಮಾವ ಊಂಗುಟ್ದಂಗಾಯ್ತು ಕಣವ್ವ" ಎಂದರು.

ನಮ್ಮ ಮಾವ ತೀರಿಕೊಂಡು ಕೆಲವು ವರ್ಷಗಳಾದವು. ಮಾತು ಕಡಿಮೆ. ಹೆಗಲ ಮೇಲೊಂದು ಟವೆಲ್ಲು, ಬಾಯಲ್ಲೊಂದು "ಹ್ಞೂಂ", ಇಷ್ಟೇ ಅವರ ಆಸ್ತಿ. ಸಂಜೆ ಅತ್ತೆ ಕಾಳು ಬಿಡಿಸುತ್ತಲೋ ಬತ್ತಿ ಹೊಸೆಯುತ್ತಲೋ ಊರಿನ ಸಮಾಚಾರವನ್ನೆಲ್ಲ ಹೇಳುವುದು, ಮಾವ ಕಣ್ಣು ಮುಚ್ಚಿಕೊಂಡು ಹೂಂಗುಟ್ಟುವುದು. ಕಥೆ ಕೇಳುವವರು ಹೂಂಗುಟ್ಟದಿದ್ದರೆ ಹೇಳುವವರು ಗೋಡೆಗೆ ಹೇಳಿದ ಹಾಗೆ ಎಂದು ನಮ್ಮ ಕಡೆ ಹೇಳುತ್ತಾರೆ. ಮಾವ ಹೋದ ಮೇಲೆ ಅತ್ತೆ ಗೋಡೆಗೂ ಹೇಳುತ್ತಿರಲಿಲ್ಲ. ಸುಮ್ಮನಾಗಿಬಿಟ್ಟಿದ್ದರು.

ಮರುದಿನದಿಂದ ಅವರ ಚಾಪೆ ಆ ಮೂಲೆಗೆ ಬಂತು. ಕೇಳಿದರೆ, "ಮಂಡಿಗೆ ಇತವಾಗೈತೆ. ನೆಲ ಅದ್ರಾಕಿಲ್ವಾ, ನೋವು ಇಳೀತದೆ" ಎಂದರು. ಲೋಕೇಶನಿಗೆ ಎಲ್ಲಿಲ್ಲದ ಹೆಮ್ಮೆ. ಅವ್ವನಿಗೂ ಬೇಸಿನ ರುಚಿ ಹತ್ತಿತು ಎಂದು ಡೈರಿಯಲ್ಲೆಲ್ಲ ಹೇಳಿಕೊಂಡು ಬಂದರು. ಸಂಜೆ ನಾನು ಶಾಲೆಯಿಂದ ಬರುವ ಹೊತ್ತಿಗೆ ಹಾಡು ನಡೆದಿರುತ್ತಿತ್ತು. ಅತ್ತೆ ಪೆಟ್ಟಿಗೆಯ ಪಕ್ಕ ಕಾಲು ನೀಡಿ ಕೂತು, ತುಟಿ ಅಲುಗಿಸುತ್ತಿರುತ್ತಿದ್ದರು. ಒಮ್ಮೆ ಚಪ್ಪಲಿ ಬಿಡುತ್ತ ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ.

"...ಮೇಷ್ಟ್ರಮ್ಮ ಇವತ್ತು ಸಾರಿಗೆ ಉಪ್ಪಾಕದೇ ಮರ್ತವ್ಳೆ. ಯೋಳುದ್ರೆ ಬೇಜಾರ್ ಮಾಡ್ಕತಳೆ ಅಂತ ನಾನೂ ಉಂಡೆ."

ಹಾಡು ಒಂದು ಕಡೆ ತಗ್ಗಿಗೆ ಇಳಿಯಿತು. ಮೂಲೆ "ಹ್ಞೂಂ" ಎಂದಿತು.

ನನ್ನ ಮೇಲಿನ ದೂರಿಗೆ ನೆಲವೂ ತಲೆದೂಗಿತಲ್ಲ ಎಂದು ನಗು ಬಂತು.

ಈಗ ಅದನ್ನೆಲ್ಲ ಮನಸ್ಸಿನಲ್ಲಿ ಮತ್ತೆ ಮತ್ತೆ ಓಡಿಸಿ ನೋಡುತ್ತೇನೆ. ಬಸ್ಸಿನಲ್ಲಿ, ಪಾಠದ ನಡುವೆ, ಕುಕ್ಕರಿನ ಮುಂದೆ. ಎಷ್ಟೊಂದು ಸುಳಿವುಗಳು! ಕಸ ಗುಡಿಸಿದರೆ ಪೊರಕೆಯ ಮುಂದಿನ ದೂಳು ತಾನಾಗಿ ಆ ಮೂಲೆಯ ಕಡೆ ಜಾರುತ್ತಿತ್ತು. ಟೈಲ್ಸಿನ ಸಂದಿನ ಬಿಳಿ ಸಿಮೆಂಟು ಅಲ್ಲಿ ಮಾತ್ರ ಕಪ್ಪಗಾಗಿ ಉದುರಿತ್ತು. ಹಳೆಯ ಗೋಣಿಚೀಲದೊಳಗೆ ಮುಖ ಹಾಕಿದಂತಹ ಒಂದು ಮುಗ್ಗಲು ವಾಸನೆ, ಹಾಡು ಜೋರಾದಾಗ ಬರುವುದು, ನಿಂತಾಗ ಹೋಗುವುದು. ನಾನು ಅತ್ತೆಯ ಚಾಪೆಯನ್ನು ಬಿಸಿಲಿಗೆ ಹಾಕಿದೆ, ಅಷ್ಟೇ. ಚಾಪೆ ಮಾಡಿದ ತಪ್ಪೇನು?

ಅವತ್ತು ಭಾನುವಾರ. ಅವರೆಕಾಯಿಯ ಕಾಲ. ಸೋಮಾಚಾರಿ ಪೆಟ್ಟಿಗೆಗೆ ಹೊಸ ಪಾದ ಹಾಕಿಕೊಡಲು ಬಂದಿದ್ದ. ಹಾಕಿದ ಮೇಲೆ ಮತ್ತೊಮ್ಮೆ ಹದ ನೋಡುತ್ತಿದ್ದರು. ಇಬ್ಬರೂ ಸೋಫಾದ ಹತ್ತಿರ. ಅತ್ತೆ ಮೂಲೆಯಲ್ಲಿ, ಪೆಟ್ಟಿಗೆಗೆ ಒರಗಿ, ಮುಂದೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಮನೆಯೆಲ್ಲ ಸೊಗಡು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದೆ.

"ಒಸಿ ಏರ್ಸ್ಲಾ" ಎಂದರು ಲೋಕೇಶ. ಸೋಮಾಚಾರಿ ತಿರುಪನ್ನು ಏರಿಸಿದ.

ಮೊರದಲ್ಲಿದ್ದ ಕಾಳುಗಳು ಕುಣಿಯತೊಡಗಿದವು. ಅತ್ತೆಗೆ ಅದೊಂದು ಆಟ. "ನೋಡವ್ವ, ಬಾಣ್ಲಿಗೆ ಬೀಳಾಕ್ ಮುಂಚೇನೇ ಕುಣೀತಾವೆ" ಎಂದರು. ಕೆಲವು ಕಾಳು ಮೊರದಿಂದ ಹಾರಿ ನೆಲಕ್ಕೆ ಬಿದ್ದವು. ಬಿದ್ದ ಕಾಳು ದಿಕ್ಕಿಗೊಂದು ಹೋಗಬೇಕು ತಾನೆ? ಇವು ಹೋಗಲಿಲ್ಲ. ಎಲ್ಲವೂ ಒಂದೇ ಕಡೆಗೆ, ಅತ್ತೆಯ ಚಾಪೆಯ ಅಂಚಿನಲ್ಲಿ ಆಗಷ್ಟೇ ಬಾಯಿಬಿಟ್ಟಿದ್ದ ಟೈಲ್ಸಿನ ಸಂದಿನ ಕಡೆಗೆ ಉರುಳಿದವು. ಅಲ್ಲಿ ಹೋಗಿ ಒಂದರ ಹಿಂದೊಂದು ಮಾಯವಾದವು. ಕೆಳಗಿನಿಂದ ಯಾರೋ ಕೈ ಒಡ್ಡಿ ಅವಸರವಿಲ್ಲದೆ ತೆಗೆದುಕೊಳ್ಳುತ್ತಿರುವ ಹಾಗೆ.

ನನಗೆ ಎಲ್ಲ ಅರ್ಥವಾಯಿತು. ಅರ್ಥವಾದದ್ದು ಬಾಯಿಗೆ ಬರಲಿಲ್ಲ. "ಏಳಿ" ಎನ್ನಬೇಕಿತ್ತು. "ನೆಲ" ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, ಅದೂ ದಿನನಿತ್ಯದ ದನಿಯಲ್ಲಿ, ಇದು:

"ಅತ್ತೆ, ಯಾರೋ ಬಂದಿದ್ದಾರೆ."

"ಯಾರವ್ವ?" ಅತ್ತೆ ಬೀದಿಬಾಗಿಲ ಕಡೆ ಕತ್ತು ಚಾಚಿದರು. ಮನೆಗೆ ಬಂದವರನ್ನು ಕೂತಲ್ಲಿಂದ ಮಾತಾಡಿಸುವ ಪೈಕಿಯಲ್ಲ ಅವರು. ಗೋಡೆ ಹಿಡಿದರು. ಮಂಡಿ ಲಟಕ್ಕೆಂದಿತು. "ಅಯ್ಯಪ್ಪಾ" ಎಂದು ಎದ್ದರು. ಎದ್ದವರು ಮತ್ತೆ ಬಗ್ಗಿ ಮೊರವನ್ನು ಎತ್ತಿಕೊಂಡರು. ಬಂದವರು ಕಾಳು ತುಳಿದಾರು ಎಂದು! ಆ ಬಗ್ಗಿದ ಬೆನ್ನು ಇವತ್ತಿಗೂ ನನ್ನ ಕಣ್ಣೊಳಗೆ ಬಗ್ಗಿಕೊಂಡೇ ಇದೆ. ಸೊಂಟದ ಮೇಲೆ ಮೊರ ಇಟ್ಟುಕೊಂಡು ನನ್ನನ್ನು ದಾಟಿ, ಸೆರಗು ಸರಿಮಾಡಿಕೊಳ್ಳುತ್ತ, ಬಾಗಿಲಿನ ಹೊಸ್ತಿಲ ತನಕ ಹೋದರು.

ಆಗ ಟಪ್ ಎಂದಿತು. ಅಷ್ಟೇ ಸದ್ದು, ಕಾಯಿ ಒಡೆದ ಹಾಗೆ. ಚಾಪೆ ನಡುವೆ ಮಡಿಚಿಕೊಂಡು ಒಳಗೆ ಹೋಯಿತು. ಪೆಟ್ಟಿಗೆ ಯಾರಿಗೋ ನಮಸ್ಕಾರ ಮಾಡುವಂತೆ ಮುಂದಕ್ಕೆ ಬಾಗಿತು, ಬಾಗಿದ್ದು ಇಳಿಯಿತು. ಟೈಲ್ಸಿನ ಚೂರುಗಳು ಅದರ ಹಿಂದೆ ಸುರಿದವು. ಕಪ್ಪು ದೂಳೆದ್ದು, ಆ ಗೋಣಿಚೀಲದ ವಾಸನೆ ಮನೆಯೆಲ್ಲ ತುಂಬಿತು.

ಹಾಡು ನಿಲ್ಲಲಿಲ್ಲ. ವೈರು ಉದ್ದವಿತ್ತು, ಕಿತ್ತುಬರಲಿಲ್ಲ. ಹಾಡುವವರ ದನಿ ಹಾಲಿನಲ್ಲೇ ಇತ್ತು, ಕೊಳಲು ಹಾಲಿನಲ್ಲೇ ಇತ್ತು. ಅದೇ ಹಾಡಿನ ತಳ ಮಾತ್ರ ಭೂಮಿಯ ಒಳಗಿನಿಂದ ಬರುತ್ತಿತ್ತು, ಒಂದಿಷ್ಟೂ ತಪ್ಪದೆ, ತಾಳಕ್ಕೆ ಸರಿಯಾಗಿ.

ಲೋಕೇಶ ಹೊಟ್ಟೆಯ ಮೇಲೆ ಮಲಗಿ, ಅಂಚಿನಿಂದ ಮೊಬೈಲಿನ ಟಾರ್ಚು ಬಿಟ್ಟರು. "ಗುಡಾಣದಂಗೈತೆ ಕಣ್ಲಾ ಸೋಮ! ಬಾಯಿ ಸಣ್ದು, ಒಟ್ಟೆ ದಪ್ಪ. ಖಾಲಿ ಐತೆ. ಪೆಟ್ಗೆ ನೆಟ್ಗೆ ಕುಂತೈತೆ, ಲೈಟೂ ಉರೀತಾ ಐತೆ!" ಪೆಟ್ಟಿಗೆಯ ಮುಂಭಾಗದಲ್ಲಿ ಒಂದು ಸಣ್ಣ ನೀಲಿ ದೀಪವಿತ್ತು. ನಾನೂ ದೂರದಿಂದ ಇಣುಕಿದೆ. ಅಷ್ಟು ಆಳದಲ್ಲಿ ಅದು ಕಣ್ಣು ಬಿಟ್ಟುಕೊಂಡು ಮೇಲೆ ನೋಡುತ್ತಿತ್ತು.

"ಆಫ್ ಮಾಡನೇನ್ಲಾ?"

"ಬ್ಯಾಡ, ಇರ್ಲಿ. ಸದ್ದು ಬತ್ತಾ ಇದ್ರೆ ಅದ್ಕೇನೂ ಆಗಿಲ್ಲ ಅಂತ ಧೈರ್ಯ. ಏಣಿ ತತ್ತೀನಿ."

ತಾಯಿ ಸತ್ತು ಬದುಕಿದ್ದು ಅವರ ತಲೆಗೆ ಇನ್ನೂ ಹೋಗಿರಲಿಲ್ಲ. ಪೆಟ್ಟಿಗೆಯ ಚಿಂತೆ ಮುಂದೆ ನಿಂತು ದಾರಿ ಕಟ್ಟಿತ್ತು. ಭಯ ಕೆಲವರನ್ನು ಹಾಗೆ ಚುರುಕು ಮಾಡಿಬಿಡುತ್ತದೆ. ಹಿತ್ತಲಿನಿಂದ ಬಿದಿರೇಣಿ ತಂದರು, ಇಳಿಬಿಟ್ಟರು, ಒಂದು ಕಾಲು ಮೊದಲ ಮೆಟ್ಟಿಲಿಗೆ ಇಟ್ಟರು. ಸೋಮಾಚಾರಿ ಏಣಿ ಹಿಡಿದುಕೊಂಡಿದ್ದ. ನಾನು ಗೋಡೆಗೆ ಒರಗಿ ನಿಂತಿದ್ದೆ. ಬೀಳುವುದು ಬಿದ್ದಾಯಿತು, ಇನ್ನೇನು ಎಂದು ನನ್ನ ಬುದ್ಧಿ ಹೇಳುತ್ತಿತ್ತು.

ಬಂದವರನ್ನು ಹುಡುಕಿಕೊಂಡು ಬೀದಿಗಿಳಿದಿದ್ದ ಅತ್ತೆ ಆಗ ಹೊಸ್ತಿಲಿಗೆ ಬಂದು ಗುಂಡಿಯ ಬಾಯಿ ಕಂಡರು. ಮೊರ ಕೈಜಾರಿತು.

"ಲೇ! ಅದು ಅಗೇವು ಕಣ್ಲಾ! ಕಾಲ್ ತಗೀಲಾ ಮ್ಯಾಲಕ್ಕೆ!"

ಹಗೇವು ಎಂದರೆ ಈ ಕಡೆಯ ಒಣಭೂಮಿಯ ಊರುಗಳಲ್ಲಿ ರಾಗಿ ಕೂಡಿಡುತ್ತಿದ್ದ ನೆಲದೊಳಗಿನ ಕಣಜ. ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲವಂತೆ. ನಮ್ಮ ಬೆಳಗೊಳ ಕಾಲುವೆ ನೀರಿನ ಊರು, ಮೊಣಕಾಲುದ್ದ ಅಗೆದರೆ ನೀರು ಒಸರುತ್ತದೆ. ಹಗೇವನ್ನು ನಾನು ಕಂಡವಳಲ್ಲ. ಲೋಕೇಶನಿಗೆ ಹೆಸರು ಗೊತ್ತು, ಅಷ್ಟೇ.

"ಅಗೇವಾದ್ರೆ ಏನವ್ವ, ಖಾಲಿ ಐತೆ. ಲೈಟ್ ಬುಟ್ಟು ನೋಡಿವ್ನಿ."

"ನಿನ್ ಲೈಟು ಉಸಿರಾಡಕಿಲ್ಲ ಕಣ್ಲಾ! ಉಸಿರಾಡೋ ದೀಪ ಬುಡು ಮೊದ್ಲು."

ಕರೆಂಟು ಹೋದಾಗಿನ ಹಳೆಯ ಲಾಂದ್ರ ಒಂದು ಅಟ್ಟದ ಮೇಲಿತ್ತು. ಇಳಿಸಿ ಹಚ್ಚಿಕೊಟ್ಟೆ. ಅತ್ತೆ ಕರು ಕಟ್ಟುವ ಹಗ್ಗವನ್ನು ಅದರ ಹಿಡಿಗೆ ಬಿಗಿದು ಕೆಳಗೆ ಬಿಟ್ಟರು. ಲೋಕೇಶನ ಕಾಲು ಇನ್ನೂ ಏಣಿಯ ಮೇಲೇ ಇತ್ತು. ದೀಪ ಹಳದಿಯಾಗಿ ಉರಿಯುತ್ತ ಬಾಯಿ ದಾಟಿತು. ಇನ್ನಷ್ಟು ಇಳಿಯಿತು. ಇಳಿದವನ ತಲೆ ಇರಬಹುದಾದಷ್ಟು ಆಳದಲ್ಲಿ ಅದು ಕುಗ್ಗಿತು, ಬತ್ತಿಯ ಮೇಲೆ ನೀಲಿ ಚುಕ್ಕೆಯಾಗಿ ಕೂತಿತು, ಇಲ್ಲವಾಯಿತು. ಗಾಳಿ ಬೀಸಿ ಆರಿದ್ದಲ್ಲ. ದೇವರ ದೀಪವನ್ನು ಎರಡು ಬೆರಳಿನಲ್ಲಿ ಮೆಲ್ಲನೆ ಕುಡಿ ಚಿವುಟುತ್ತಾರಲ್ಲ, ಹಾಗೆ.

ಅದರ ಕೆಳಗೆ ಪೆಟ್ಟಿಗೆಯ ನೀಲಿ ದೀಪ ಏನೂ ಆಗದವರಂತೆ ಉರಿಯುತ್ತಲೇ ಇತ್ತು. ಬೇಸು ಮಿಡಿಯುತ್ತಲೇ ಇತ್ತು. ಇಳಿ, ಇಳಿ, ಇಲ್ಲಿ ಎಲ್ಲ ಸರಿಯಾಗಿದೆ ಎನ್ನುವಂತೆ.

ಅತ್ತೆ ಲಾಂದ್ರ ಎಳೆದು ಮತ್ತೆ ಹಚ್ಚಿಸಿ ಮತ್ತೆ ಬಿಟ್ಟರು. ಮತ್ತೆ ಅದೇ ಆಳ, ಅದೇ ಬೆರಳು.

ಲೋಕೇಶ ಕಾಲು ತೆಗೆದು, ಗೋಡೆಗೆ ಬೆನ್ನು ಕೊಟ್ಟು ಕುಸಿದರು. "ಆಫ್ ಮಾಡ್ಲಾ ಅದ್ನ" ಎಂದರು. ಸೋಮಾಚಾರಿ ಪ್ಲಗ್ಗು ಕಿತ್ತ. ಕೆಳಗಿನ ಕಣ್ಣು ಮುಚ್ಚಿತು. ಆಗ ಮನೆಯೊಳಗೆ ಇಳಿದ ಮೌನವನ್ನು ಹೇಗೆ ಹೇಳಲಿ? ಇಷ್ಟು ಹೊತ್ತೂ ಇತ್ತಲ್ಲ ಅನ್ನಿಸಬೇಕು ಎಂಬ ಸೂತ್ರ ನೆನಪಿದೆಯಲ್ಲ, ಅದು ಅವತ್ತು ಪೂರ್ತಿ ಅರ್ಥವಾಯಿತು.

ಆ ಹಗೇವು ಅಲ್ಲಿಗೆ ಬಂದದ್ದು ಹೇಗೆ ಎಂಬುದು ಆಮೇಲೆ ಹಿರಿಯರ ಬಾಯಿಂದ ಕೂಡಿಬಂತು. ಮಾವನ ಅಪ್ಪನ ಕಾಲದಲ್ಲಿ ಸರ್ಕಾರಕ್ಕೆ ಲೆವಿ ಕೊಡಬೇಕಿತ್ತಂತೆ. ಮನೆಮನೆಯ ರಾಗಿ ಅಳೆದು ಒಯ್ಯುತ್ತಿದ್ದರಂತೆ. ಎಲ್ಲರಿಗೂ ತಿಳಿದ ಹಗೇವು ಹಿತ್ತಲಿನಲ್ಲಿದ್ದರೆ, ಯಾರಿಗೂ ತಿಳಿಯದ್ದು ಮನೆಯ ಮುಂದಿನ ಅಂಗಳದಲ್ಲಿ. ಮೇಲೆ ಸಗಣಿ ಸಾರಿಸಿ, ಗೂಟ ನೆಟ್ಟು, ಕರು ಕಟ್ಟಿಬಿಡುತ್ತಿದ್ದರು. ಕರುವಿನ ಕಾಲಡಿ ಯಾರು ಹುಡುಕುತ್ತಾರೆ? ಗುಟ್ಟು ಎಷ್ಟು ಗಟ್ಟಿಯೆಂದರೆ ಮನೆಯ ಸೊಸೆಯರಿಗೂ ಹೇಳುತ್ತಿರಲಿಲ್ಲ. ಕಾಲ ಬದಲಾಯಿತು, ಲೆವಿ ಹೋಯಿತು, ಗುಟ್ಟು ಬಲ್ಲವರು ಗುಟ್ಟಿನೊಂದಿಗೇ ಹೋದರು. ಕರು ಕಟ್ಟುವ ಪದ್ಧತಿ ಮಾತ್ರ ಉಳಿಯಿತು. ನಾವು ಅಂಗಳವನ್ನು ಸೇರಿಸಿಕೊಂಡು ಹಾಲು ಕಟ್ಟಿಸಿದಾಗ ಆ ಗೂಟ ಅಲ್ಲೇ ಇತ್ತು. "ಇದ್ಯಾಕೆ ಇಲ್ಲಿ ಅಡ್ಡ" ಎಂದು ಕಿತ್ತು, ಮಣ್ಣು ತುಂಬಿ, ದಮ್ಮಸು ಹೊಡೆಸಿ, ಮೇಲೆ ಟೈಲ್ಸು ಹಾಸಿದೆವು. ಕೆಳಗಿನ ಚಪ್ಪಡಿ ಬಹುಶಃ ಆವತ್ತೇ ಬಿರುಕು ಬಿಟ್ಟಿರಬೇಕು. ಮಣ್ಣು ಸ್ವಲ್ಪಸ್ವಲ್ಪವೇ ಸೋರಿ, ಬರಿಯ ಟೈಲ್ಸಿನ ಮೇಲೆ ನಾವು ಸಂಸಾರ ಮಾಡುತ್ತಿದ್ದೆವು.

ಊರಿನವರು ಹಗೇವಿನ ಬಾಯಿ ಅಗಲ ಮಾಡಿ ಗಾಳಿಗೆ ಬಿಟ್ಟು, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಹೊಂಗೆ ಕೊಂಬೆಗಳನ್ನು ಹಗ್ಗಕ್ಕೆ ಕಟ್ಟಿ ಬಾವಿ ಸೇದುವ ಹಾಗೆ ಮೇಲೆ ಕೆಳಗೆ ಆಡಿಸಿದರು. ಲಾಂದ್ರ ಆರದೆ ತಳ ಮುಟ್ಟಿ ಬಂದರೂ ಇಳಿಯಲು ಯಾರೂ ಒಪ್ಪಲಿಲ್ಲ. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ತಂದು, ಅದರ ಕೊಕ್ಕೆಗೆ ಪೆಟ್ಟಿಗೆಯನ್ನು ಸಿಕ್ಕಿಸಿ ಎಳೆದರು. ಜೊತೆಗೆ ಚಾಪೆಯೂ ಬಂತು, ಅದಕ್ಕೆ ಅಂಟಿಕೊಂಡು ಇದ್ದಿಲಿನಂತಾದ ಒಂದಷ್ಟು ರಾಗಿಯೂ ಬಂತು. ಬಳಿಕ ಜಲ್ಲಿಪುಡಿ ಸುರಿದು, ನೀರು ಕುಡಿಸಿ, ಹಗೇವನ್ನು ಕಂಠಪೂರ್ತಿ ತುಂಬಿಸಿದೆವು.

ಪೆಟ್ಟಿಗೆ ಈಗ ಎದುರು ಗೋಡೆಗೆ ಇದೆ. ಲೋಕೇಶ ಮತ್ತೆ ತೆವಳಲಿಲ್ಲ. ನಿಂತೇ ಕೇಳಿ, ಅಂದಾಜಿನಲ್ಲಿ ಇಟ್ಟರು. "ಇದೇ ಸರಿಯಾದ ಬೇಸು. ಅದು ಸುಳ್ಳು ಬೇಸು" ಎನ್ನುತ್ತಾರೆ. ಹಾಡು ತೆಳ್ಳಗಿದೆ, ಅಚ್ಚುಕಟ್ಟಾಗಿದೆ. ಅವರು ಏಣಿಯ ಮೇಲಿಟ್ಟಿದ್ದ ಆ ಕಾಲನ್ನು ಒಮ್ಮೊಮ್ಮೆ ಹಾಡಿನ ನಡುವೆ ಮುಟ್ಟಿ ನೋಡಿಕೊಳ್ಳುತ್ತಾರೆ. ನಾನು ನೋಡಿಲ್ಲ ಎಂದುಕೊಂಡಿದ್ದಾರೆ.

ಅತ್ತೆಯ ಚಾಪೆ ಈಗ ಅಡುಗೆಮನೆಯ ಬಾಗಿಲಿಗೆ ಬಂದಿದೆ. ಅವರಿಗೆ ನೆಲದ ಯೋಚನೆಯಿಲ್ಲ. ಅವರದು ಒಂದೇ ಪ್ರಶ್ನೆ.

"ಅವತ್ತು ಯಾರೋ ಬಂದವ್ರೆ ಅಂದ್ಯಲ್ಲ. ಯಾರವ್ವ ಬಂದಿದ್ರು?"

"ಯಾರೂ ಇಲ್ಲ ಅತ್ತೆ. ನಿಮ್ಮನ್ನ ಎಬ್ಬಿಸೋಕೆ ಸುಳ್ಳು ಹೇಳಿದೆ."

"ಈಗ ಸುಳ್ಳು ಯೋಳ್ಬ್ಯಾಡ. ಯಾರೂ ಬರ್ದಲೆ ನಿನ್ ಬಾಯ್ಗೆ ಆ ಮಾತ್ಯಾಕೆ ಬತ್ತು?"

ಎಷ್ಟೋ ಮಾತುಗಳಿದ್ದವು, ಆ ಮಾತೇ ಯಾಕೆ? ಅದಕ್ಕೇ ಮತ್ತೆ ಮತ್ತೆ ಓಡಿಸಿ ನೋಡುತ್ತೇನೆ. ಉರುಳುವ ಕಾಳು, ಅತ್ತೆಯ ಮುಖ, ಆಮೇಲೆ ಬೀದಿಬಾಗಿಲು. ಮೊದಮೊದಲು ಬಾಗಿಲು ಖಾಲಿಯಿರುತ್ತಿತ್ತು, ಬರೀ ಬಿಸಿಲು. ಕೆಲವು ದಿನಗಳ ಮೇಲೆ ಬಿಸಿಲಿಗೊಂದು ನೆರಳು ಸೇರಿತು. ಈಗೀಗ ನೆರಳಿನ ಹೆಗಲ ಮೇಲೆ ಟವೆಲ್ಲೂ ಇದೆ. ಹೆದರಿದ ಮನಸ್ಸು ನೆನಪಿಗೆ ಬಣ್ಣ ಬಳಿಯುತ್ತದೆ ಎಂದು ನಾನು ಬೇರೆಯವರಿಗೆ ಧಾರಾಳವಾಗಿ ಹೇಳಬಲ್ಲೆ. ಬಳಿದವಳು ನಾನೇ ಎಂದಾದರೆ, ಯಾವತ್ತು ಬಳಿದೆ ಎಂದು ನನಗೆ ಗೊತ್ತಿರಬೇಕಿತ್ತಲ್ಲ?

ನಿನ್ನೆ ಸಂಜೆ ಅತ್ತೆ ಬತ್ತಿ ಹೊಸೆಯುತ್ತಿದ್ದರು. ಲೋಕೇಶ ಡೈರಿಗೆ ಹೋಗಿದ್ದರು, ಹಾಡಿರಲಿಲ್ಲ. ನಾನು ಶಾಲೆಯ ಚೀಲ ಇಳಿಸುತ್ತಿದ್ದೆ.

"ಒಸಿ ಗ್ಯಾಪಕ ಮಾಡ್ಕಳವ್ವ. ಯಾರು ಬಂದಿದ್ದು?"

"ಮುಖ ಕಾಣಲಿಲ್ಲ ಅತ್ತೆ" ಎಂದೆ. "ಬೆನ್ನು ಕಂಡ ಹಾಗಾಯ್ತು. ಹೆಗಲ ಮೇಲೆ ಟವೆಲ್ಲಿತ್ತು."

ಅತ್ತೆ ತಲೆ ಎತ್ತಲಿಲ್ಲ. ಬತ್ತಿಯ ತುದಿಯನ್ನು ತಿರುವಿ ತಿರುವಿ ಸಣ್ಣ ಮಾಡಿದರು. ಆಮೇಲೆ ಎದೆಯ ತಳದಿಂದ, ತಗ್ಗಿನ ದನಿಯಲ್ಲಿ, "ಹ್ಞೂಂ" ಎಂದರು.

ನಾನು ಅವರ ಪಕ್ಕದ ನೆಲವನ್ನು ಹಿಮ್ಮಡಿಯಿಂದ ಕುಟ್ಟಿದೆ. ಟಕ್ ಎಂದಿತು. ಇನ್ನೊಂದು ಸಲ ಕುಟ್ಟಿದೆ. ಕೂತುಕೊಂಡೆ.